ಏರಿಯಿಂದ ಏರಿಗೆ: ನಗರದೊಳಗೆ ಉದ್ದನೆಯ ನಡಿಗೆ ಮತ್ತು ಸೈಕಲ್ ದಾರಿ ಕಟ್ಟುವ ಬಗೆ

ಬೆಂಗಳೂರಿನಂಥ ಊರಿನಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಉದ್ದದ, ಶಾಲೆಯ ಮಕ್ಕಳೂ ವಯಸ್ಸಾದವರೂ ಅಂಜದೆ ಸಾಗಬಹುದಾದ ನಡಿಗೆ ಮತ್ತು ಸೈಕಲ್ ದಾರಿಯೊಂದನ್ನು ಮಾಡಬೇಕೆಂದು ಹೊರಟವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಆ ದಾರಿಯ ಬಹುಪಾಲು ಈಗಾಗಲೇ ನೆಲದ ಮೇಲಿದೆ. ಕೆರೆಗಳ ಏರಿಯ ಮೇಲೆ ನಡಿಗೆಪಥಗಳಿವೆ. ಬಡಾವಣೆಗಳಲ್ಲಿ ವಾಹನ ಕಡಿಮೆಯಿರುವ ಅಡ್ಡರಸ್ತೆಗಳಿವೆ. ಮಳೆನೀರು ಹರಿಸುವ ದೊಡ್ಡ ಕಾಲುವೆಗಳಾದ ರಾಜಕಾಲುವೆಗಳ ಬದಿಯಲ್ಲಿ ಹೂಳೆತ್ತುವ ಯಂತ್ರಗಳು ಓಡಾಡಲು ಬಿಟ್ಟ ಜಾಗ ಅಲ್ಲಲ್ಲಿ ಇದೆ. ಹೈಟೆನ್ಷನ್ ತಂತಿಗಳ ಕೆಳಗೆ ಮನೆ ಕಟ್ಟಲಾಗದ ಪಟ್ಟಿಗಳಿವೆ. ಇಲ್ಲದಿರುವುದು ಇವುಗಳ ನಡುವಿನ ಕೊಂಡಿ. ಒಂದು ಕೆರೆಯ ಗೇಟಿನಿಂದ ಹೊರಬಿದ್ದು ಮುಂದಿನ ಕೆರೆಯ ಗೇಟು ಮುಟ್ಟುವುದರೊಳಗೆ ಬರುವ ಅರ್ಧ ಕಿಲೋಮೀಟರಿನಲ್ಲಿ ದಾರಿ ಕಡಿದುಹೋಗುತ್ತದೆ. ಹಣವನ್ನೂ ಶ್ರಮವನ್ನೂ ಮೊದಲು ಅಲ್ಲಿಗೇ ಹಾಕಬೇಕು, ಆಗಲೇ ಚೆನ್ನಾಗಿರುವ ತುಣುಕುಗಳನ್ನು ಇನ್ನಷ್ಟು ಚೆನ್ನಾಗಿಸಲು ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಬರೆದಿರುವ ಕ್ರಮವೆಲ್ಲ ಆ ಅಭಿಪ್ರಾಯದ ಮೇಲೆಯೇ ನಿಂತಿದೆ.

ಉದಾಹರಣೆಗೆ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸಾಲನ್ನು ತೆಗೆದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿರುವ ಬೆಂಗಳೂರಿನಿಂದ ಮಳೆನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ: ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ಈ ನಾಲ್ಕು ಕೆರೆಗಳು ಮೂರನೆಯ ಕಣಿವೆಯವು. ಒಂದರ ಕೋಡಿ ಬಿದ್ದ ನೀರು ಮುಂದಿನದಕ್ಕೆ ಸೇರಿ, ಕೊನೆಗೆ ವರ್ತೂರಿನಿಂದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಸೈಕಲ್ ತುಳಿಯುವವರಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ನೀರು ಹರಿಯುವ ಜಾಡಿನಲ್ಲಿ ಇಳಿಜಾರು ಬಹಳ ಮೆಲ್ಲನೆಯದು. ಅದೇ ಕೆರೆಗಳ ನಡುವೆ ಮುಖ್ಯರಸ್ತೆ ಹಿಡಿದರೆ ಕಣಿವೆಯನ್ನು ಇಳಿದು ಮತ್ತೆ ಹತ್ತಬೇಕಾಗುತ್ತದೆ.

ಹಳೆಯ ನಕಾಶೆಯಿಂದ ಆರಂಭಿಸಿ

ಫೋನಿನ ನಕ್ಷೆಯನ್ನು ತೆರೆಯುವ ಮೊದಲು ಆಯಾ ಗ್ರಾಮದ ಕಂದಾಯ ನಕಾಶೆಯನ್ನು ತರಿಸಿಕೊಳ್ಳಿ. ನಗರದೊಳಗೆ ಈಗ ಹೆಸರು ಮಾತ್ರ ಉಳಿದಿರುವ ಹಳ್ಳಿಗಳಿಗೂ ಗ್ರಾಮ ನಕಾಶೆಗಳಿವೆ. ಅವುಗಳಲ್ಲಿ ಕೆರೆಯ ಅಂಗಳ, ಹಳ್ಳ, ರಾಜಕಾಲುವೆಗಳ ಜೊತೆಗೆ ಬಂಡಿದಾರಿ ಮತ್ತು ಕಾಲುದಾರಿಗಳನ್ನೂ ಗುರುತಿಸಲಾಗಿರುತ್ತದೆ. ಊರಿಂದ ಕೆರೆಗೆ, ಕೆರೆಯಿಂದ ಪಕ್ಕದ ಊರಿಗೆ ಜನ ನಡೆದು ಸವೆಸಿದ ಆ ದಾರಿಗಳಲ್ಲಿ ಹಲವು ಇಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನ ಹಿಂದೆ ಮುಳ್ಳುಕಂಟಿಯಾಗಿ ಬಿದ್ದಿರುತ್ತವೆ, ಕೆಲವು ಒತ್ತುವರಿಯಾಗಿರುತ್ತವೆ. ಸಾರ್ವಜನಿಕ ಬಳಕೆಗೆಂದು ಬಿಟ್ಟ ‘ಬಿ’ ಖರಾಬು ಎಷ್ಟು, ಯಾವ ಸರ್ವೆ ನಂಬರಿನಲ್ಲಿ ಎಂಬುದನ್ನು ಪಟ್ಟಿ ಮಾಡಿ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆಯಾದರೂ ಅದು ಅಂದಾಜಿಗಷ್ಟೇ ಸಾಕು; ತಕರಾರು ಬರಬಹುದಾದ ಕಡೆ ಭೂಮಾಪಕರಿಂದ ಅಳತೆ ಮಾಡಿಸಿ ಗಡಿ ಗುರುತಿಸಿಕೊಳ್ಳದೆ ಒಂದು ಕಲ್ಲನ್ನೂ ನೆಡಬಾರದು.

ಇಲ್ಲಿ ಹಲವರು ಎಡವುವ ಒಂದು ವಿಷಯವಿದೆ. ಕೆರೆ ಮತ್ತು ರಾಜಕಾಲುವೆಯ ಸುತ್ತಲಿನ ‘ಬಫರ್’ ಎಂದರೆ ಸರ್ಕಾರಿ ಜಾಗ ಎಂದು ಅವರು ಭಾವಿಸುತ್ತಾರೆ. ಹಾಗಲ್ಲ. 2015ರ ಮಾಸ್ಟರ್ ಪ್ಲಾನ್ ಕೆರೆಗೆ 30 ಮೀಟರ್, ಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಫರ್ ಇಟ್ಟಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಈ ಅಂಕಿಗಳು ಹೇಗೆ ಬದಲಾದರೂ ಬಫರ್ ಎಂಬುದು ಕಟ್ಟಡ ಕಟ್ಟಬಾರದೆಂಬ ನಿರ್ಬಂಧ ಮಾತ್ರ. ಅದರೊಳಗಿನ ಜಮೀನು ಖಾಸಗಿಯವರದಾಗಿದ್ದರೆ ಖಾಸಗಿಯವರದಾಗಿಯೇ ಉಳಿಯುತ್ತದೆ. ದಾರಿ ಬೇಕೆಂದರೆ ಮಾಲೀಕರ ಒಪ್ಪಿಗೆ ಬೇಕು, ಇಲ್ಲವೇ ಪರಿಹಾರ ಕೊಟ್ಟು ಪಡೆಯಬೇಕು. ಕೆಲಸಕ್ಕೆ ಕೈಹಾಕುವ ದಿನ ಜಾರಿಯಲ್ಲಿರುವ ನಿಯಮ ಯಾವುದೆಂದು ನೋಡಿಕೊಂಡೇ ಮುಂದುವರಿಯಿರಿ.

ನಕಾಶೆ ಕೈಗೆ ಬಂದ ಮೇಲೆ ಇಡೀ ದಾರಿಯನ್ನು ಕನಿಷ್ಠ ಮೂರು ಸಲ ನಡೆಯಬೇಕು: ವಾರದ ದಿನದ ಬೆಳಿಗ್ಗೆ ಎಂಟರ ಹೊತ್ತಿಗೆ ಒಮ್ಮೆ, ರಾತ್ರಿ ಎಂಟರ ನಂತರ ಒಮ್ಮೆ, ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಒಮ್ಮೆ. ಗುಂಪಿನಲ್ಲಿ ಗಾಲಿಕುರ್ಚಿ ಬಳಸುವವರೊಬ್ಬರು, ಮಗುವಿನ ತಳ್ಳುಗಾಡಿ ಹಿಡಿದವರೊಬ್ಬರು, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರೊಬ್ಬರು ಇದ್ದರೆ ಇಬ್ಬರು ತಜ್ಞರು ಹೇಳುವುದಕ್ಕಿಂತ ಹೆಚ್ಚಿನದು ತಿಳಿಯುತ್ತದೆ. ಟೇಪು ಮರೆಯಬೇಡಿ. ನಾವು ನೆರೆಹೊರೆಯವರು ಸೇರಿ ಹೀಗೆ ಅಳೆಯಲು ಹೋದಾಗ, ಕಾಗದದ ಮೇಲೆ ಎರಡು ಮೀಟರ್ ಅಗಲವಿದ್ದ ಪಾದಚಾರಿ ಮಾರ್ಗವೊಂದರಲ್ಲಿ ಟ್ರಾನ್ಸ್‌ಫಾರ್ಮರಿನ ಬೇಲಿಗೂ ಮಳೆನೀರು ಚರಂಡಿಯ ತೆರೆದ ಬಾಯಿಗೂ ನಡುವೆ ಉಳಿದಿದ್ದದ್ದು ಅರವತ್ತೆಂಟು ಸೆಂಟಿಮೀಟರ್. ಶಾಲೆಗೆ ಹೊರಟಿದ್ದ ಹುಡುಗಿಯೊಬ್ಬಳು ಅಲ್ಲಿಗೆ ಬಂದು, ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಅವಚಿಕೊಂಡು, ಓರೆಯಾಗಿ ದಾಟಿ, ಮತ್ತೆ ಬೆನ್ನಿಗೆ ಹಾಕಿಕೊಂಡು ಹೋದಳು. ಅವಳಿಗೆ ಅದು ದಿನದ ಅಭ್ಯಾಸ. ಇಂಥ ಜಾಗಗಳ ಫೋಟೊ, ಅಗಲ, ದಿನಾಂಕ ಮೂರನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಅಧಿಕಾರಿಯ ಎದುರಿಗಾದರೂ ‘ಜಾಗ ಸಾಲದು’ ಎಂಬ ಮಾತಿಗಿಂತ ‘68 ಸೆಂಟಿಮೀಟರ್’ ಎಂಬ ಮಾತಿಗೆ ತೂಕ ಹೆಚ್ಚು.

ಪೂರ್ತಿ ದಾರಿಯನ್ನು ಮೊದಲೇ ಘೋಷಿಸಿ

ಅಮೆರಿಕದ ಮೇನ್ ರಾಜ್ಯದಿಂದ ಫ್ಲೋರಿಡಾದ ಕೀ ವೆಸ್ಟ್‌ವರೆಗೆ ನಗರಗಳನ್ನು ಪೋಣಿಸಿಕೊಂಡು ಹೋಗುವ ಈಸ್ಟ್ ಕೋಸ್ಟ್ ಗ್ರೀನ್‌ವೇ ಸುಮಾರು 4,800 ಕಿಲೋಮೀಟರ್ ಉದ್ದದ್ದು. 1991ರಲ್ಲಿ ಅದರ ಕೆಲಸ ಆರಂಭವಾಯಿತು. ಮೂರು ದಶಕಗಳ ನಂತರ ವಾಹನರಹಿತ ಪಥವಾಗಿ ಸಿದ್ಧವಾಗಿರುವುದು ಅದರ ಮೂರನೆಯ ಒಂದು ಭಾಗದಷ್ಟು. ಆದರೂ ಜನ ಅದರ ಉದ್ದಕ್ಕೂ ಸೈಕಲ್ ತುಳಿಯುತ್ತಾರೆ, ಏಕೆಂದರೆ ಪಥ ಆಗದ ಕಡೆ ಸುತ್ತಲಿನ ರಸ್ತೆಗಳಲ್ಲಿ ತಾತ್ಕಾಲಿಕ ದಾರಿಯನ್ನು ಗುರುತಿಸಿ ಕೊಡಲಾಗಿದೆ. ಇದು ಬಹಳ ಬುದ್ಧಿವಂತ ಕ್ರಮ. ಇಡೀ ದಾರಿಗೆ ಮೊದಲ ವರ್ಷದಲ್ಲೇ ಒಂದು ಹೆಸರು, ಒಂದು ಬಣ್ಣ, ಒಂದು ಗುರುತು ಕೊಡಿ. ಕೊಂಡಿ ತಪ್ಪಿದ ಕಡೆಗಳಲ್ಲಿ ಇದ್ದುದರಲ್ಲಿ ಶಾಂತವಾದ ಅಡ್ಡರಸ್ತೆಗಳ ಮೂಲಕ ಸುತ್ತುದಾರಿ ತೋರಿಸಿ. ಆಮೇಲೆ ಒಂದೊಂದಾಗಿ ಸುತ್ತನ್ನು ನೇರ ಮಾಡುತ್ತ ಬನ್ನಿ. ಹೆಸರಿಟ್ಟ ದಾರಿಯಲ್ಲಿ ಉಳಿದಿರುವ ತೆರಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ಕೇಳುವವರೂ ಹುಟ್ಟಿಕೊಳ್ಳುತ್ತಾರೆ.

ದೊಡ್ಡ ಸಂಸ್ಥೆಯೇ ಆರಂಭಿಸಬೇಕೆಂದೂ ಇಲ್ಲ. ಹಳೆಯ ರೈಲುಹಳಿಗಳ ಜಾಡಿನಲ್ಲಿ ನಗರವನ್ನು ಸುತ್ತುವ ಅಟ್ಲಾಂಟಾದ 35 ಕಿಲೋಮೀಟರ್ ಬೆಲ್ಟ್‌ಲೈನ್ 1999ರಲ್ಲಿ ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ ಬರೆದ ಸ್ನಾತಕೋತ್ತರ ಪ್ರಬಂಧವಾಗಿತ್ತು. ಸಿಂಗಪುರದಲ್ಲಿ 1992ರಲ್ಲಿ ಕಲ್ಲಾಂಗ್ ನದಿಯ ಬದಿಯ ಒಂದೇ ಒಂದು ಪಥದಿಂದ ಶುರುವಾದ ಉದ್ಯಾನ ಜೋಡಣೆಯ ಜಾಲ ಈಗ 300 ಕಿಲೋಮೀಟರ್ ದಾಟಿದೆ. ಅಲ್ಲಿಯೂ ಚರಂಡಿ ಮತ್ತು ಕಾಲುವೆಗಳ ಬದಿಯ ಜಾಗವೇ ಅದಕ್ಕೆ ಮುಖ್ಯ ಆಸರೆಯಾಯಿತು.

ಕೊಂಡಿಗಳು

ಅಗರ ಕೆರೆಗೂ ಬೆಳ್ಳಂದೂರು ಕೆರೆಗೂ ನಡುವೆ ಹೊರವರ್ತುಲ ರಸ್ತೆ ಹಾದುಹೋಗುತ್ತದೆ. ಎರಡು ಕೆರೆಗಳ ದಡದಲ್ಲಿ ಎಷ್ಟೇ ಚೆಂದದ ಪಥ ಮಾಡಿದರೂ ಈ ರಸ್ತೆಯನ್ನು ದಾಟುವ ಬಗೆ ಹರಿಯದಿದ್ದರೆ ಅವು ಎರಡು ಪ್ರತ್ಯೇಕ ಉದ್ಯಾನಗಳಾಗಿಯೇ ಉಳಿಯುತ್ತವೆ. ಇಂಥ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಮೇಲ್ಸೇತುವೆ. ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ರಸ್ತೆಯ ಮೇಲೆ ವಾಹನಗಳಿಗೆ 5.5 ಮೀಟರ್ ಎತ್ತರ ಬಿಡಬೇಕು. ಗಾಲಿಕುರ್ಚಿ ಏರಬಲ್ಲ 1:12 ಇಳಿಜಾರಿನಲ್ಲಿ ಅಷ್ಟು ಎತ್ತರಕ್ಕೆ ಹತ್ತಲು ಒಂದು ಬದಿಗೇ 66 ಮೀಟರ್ ಉದ್ದದ ರ‍್ಯಾಂಪ್ ಬೇಕು, ನಡುವೆ ನಿಂತು ದಣಿವಾರಿಸುವ ಸಮತಟ್ಟುಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಷ್ಟು ಜಾಗವಿಲ್ಲದೆ ಮೆಟ್ಟಿಲು ಕಟ್ಟಿ ಲಿಫ್ಟ್ ಇಟ್ಟರೆ, ಆ ಲಿಫ್ಟ್ ಕೆಟ್ಟ ದಿನ ದಾರಿಯೂ ಮುಚ್ಚಿದಂತೆ.

ಮೊದಲು ನೋಡಬೇಕಾದದ್ದು ರಸ್ತೆಯ ಕೆಳಗೆ. ರಾಜಕಾಲುವೆ ರಸ್ತೆಯನ್ನು ದಾಟುವಲ್ಲಿ ಸೇತುವೆಯೋ ಮೋರಿಯೋ ಇದ್ದೇ ಇರುತ್ತದೆ. ಅದನ್ನು ಅಗಲಿಸುವ ಅಥವಾ ಹೊಸದಾಗಿ ಕಟ್ಟುವ ಕಾಮಗಾರಿ ಬಂದಾಗ ನೀರಿನ ಕಂಡಿಯ ಪಕ್ಕದಲ್ಲಿ ಮೂರು ಮೀಟರ್ ಅಗಲದ, ಎರಡೂವರೆ ಮೀಟರ್ ಎತ್ತರದ ಒಣ ಕಂಡಿಯೊಂದನ್ನು ಸೇರಿಸುವಂತೆ ಒತ್ತಾಯಿಸಿ. ಮುಗಿದ ಸೇತುವೆಯನ್ನು ಒಡೆದು ಕಂಡಿ ಮಾಡಿಸುವುದು ಯಾರಿಂದಲೂ ಆಗದ ಕೆಲಸ, ಹಾಗಾಗಿ ಮುಂದಿನ ಐದು ವರ್ಷಗಳಲ್ಲಿ ನಿಮ್ಮ ದಾರಿಯ ಮೇಲೆ ಬರಲಿರುವ ರಸ್ತೆ, ಮೆಟ್ರೊ, ಪೈಪು ಕಾಮಗಾರಿಗಳ ಪಟ್ಟಿ ನಿಮ್ಮ ಬಳಿ ಸದಾ ಇರಬೇಕು. ಇಂಥ ಕೆಳದಾರಿ ವರ್ಷದಲ್ಲಿ ಕೆಲವು ದಿನ ಮುಳುಗಬಹುದು. ಆ ದಿನಗಳಿಗೆ ಮೇಲಿನ ರಸ್ತೆಯಲ್ಲಿ ಬದಲಿ ದಾರಿಯೂ, ಕೆಳಗಿನ ಬಾಯಿಗೆ ಮುಚ್ಚುವ ಗೇಟೂ, ಅದನ್ನು ಮುಚ್ಚುವ ಹೊಣೆ ಹೊತ್ತ ವ್ಯಕ್ತಿಯೂ ಇರಲೇಬೇಕು. ಮಳೆಗಾಲದಲ್ಲಿ ರಾಜಕಾಲುವೆ ನಿಮಿಷಗಳಲ್ಲಿ ಉಕ್ಕುತ್ತದೆ. ಅದರ ವಿಷಯದಲ್ಲಿ ನೋಡೋಣವೆನ್ನುವ ಮಾತು ಸಲ್ಲದು.

ಕೆಳಗೆ ಸಾಧ್ಯವಾಗದಿದ್ದರೆ ರಸ್ತೆಯ ಮಟ್ಟದಲ್ಲೇ ಸಿಗ್ನಲ್ ಕೇಳಿ. ಕೇಳುವಾಗ ಸೆಕೆಂಡುಗಳ ಲೆಕ್ಕವನ್ನೂ ಕೊಡಿ. ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವವರು 24 ಮೀಟರ್ ಅಗಲದ ರಸ್ತೆಯನ್ನು 20 ಸೆಕೆಂಡಿನಲ್ಲಿ ದಾಟುತ್ತಾರೆ. ಮೊಣಕಾಲು ನೋವಿನ ಅಜ್ಜಿ 0.8 ಮೀಟರಿನಂತೆ ನಡೆದರೆ 30 ಸೆಕೆಂಡು ಬೇಕು. ಅಜ್ಜಿಯ ಲೆಕ್ಕವನ್ನೇ ಹಿಡಿಯಿರಿ. ನಡುವಿನ ವಿಭಜಕದಲ್ಲಿ ನಿಲ್ಲುವ ಜಾಗ ಕನಿಷ್ಠ ಎರಡು ಮೀಟರ್ ಆಳವಿರಲಿ, ಏಕೆಂದರೆ ಒಂದು ಸೈಕಲ್ಲಿನ ಉದ್ದವೇ ಸುಮಾರು 1.8 ಮೀಟರ್, ಅದಕ್ಕಿಂತ ಕಡಿಮೆಯಾದರೆ ಹಿಂದಿನ ಚಕ್ರ ಬಸ್ಸಿನ ದಾರಿಯಲ್ಲಿ ಉಳಿಯುತ್ತದೆ. ಬಡಾವಣೆಯ ಸಣ್ಣ ರಸ್ತೆಗಳನ್ನು ದಾಟುವಲ್ಲಿ ಸಿಗ್ನಲ್ ಬೇಡ, ಪಥದ ಮಟ್ಟಕ್ಕೇ ರಸ್ತೆಯನ್ನು ಎತ್ತರಿಸಿದರೆ ಸಾಕು. ಆಗ ವಾಹನ ಹತ್ತಿ ಇಳಿಯಬೇಕಾಗುತ್ತದೆ, ನಡೆಯುವವರಲ್ಲ.

ಗೇಟೂ ಒಂದು ಕೊಂಡಿಯೇ. ಬೆಂಗಳೂರಿನ ಅನೇಕ ಕೆರೆಗಳನ್ನು ಬೆಳಿಗ್ಗೆ ಮತ್ತು ಸಂಜೆ ಕೆಲವು ಗಂಟೆ ಮಾತ್ರ ತೆರೆಯಲಾಗುತ್ತದೆ, ಒಳಗೆ ಸೈಕಲ್ ಬಿಡುವುದಿಲ್ಲ ಎಂಬ ಫಲಕವೂ ಇರುತ್ತದೆ. ವಾಯುವಿಹಾರಕ್ಕೆ ಬರುವವರಿಗೆ ಅದು ಸರಿಯಿರಬಹುದು. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಮನೆಗೆ ಹೊರಟವರಿಗೆ ಸರಿಯಲ್ಲ. ಏರಿಯ ಮೇಲಿನ ಪಥವನ್ನು ವಾಯುವಿಹಾರದವರಿಗೇ ಬಿಟ್ಟು, ಬೇಲಿಯ ಹೊರಗೆ ಏರಿಯ ಬುಡದಲ್ಲಿ ಸದಾ ತೆರೆದಿರುವ ದಾರಿಯನ್ನು ಮಾಡುವುದು ಬಹಳ ಕಡೆ ಸಾಧ್ಯವಿದೆ. ಬೆಳಗಿನ ಜಾವ ನಿಧಾನವಾಗಿ ಹೆಜ್ಜೆ ಹಾಕುವ ಹಿರಿಯರಿಗೂ ಸೈಕಲ್ಲಿಗೂ ತಾಕಲಾಟ ತಪ್ಪುವುದು ಇದರ ಇನ್ನೊಂದು ಲಾಭ.

ಅಗಲ, ನೆಲ, ತಡೆ

ನಡೆಯುವವರಿಗೆ ಯಾವ ಅಡ್ಡಿಯೂ ಇಲ್ಲದ 1.8 ಮೀಟರ್, ಎರಡೂ ದಿಕ್ಕಿನ ಸೈಕಲ್ಲುಗಳಿಗೆ 3 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಗಳನ್ನು ಹಿಡಿದು ಇವನ್ನು ಕೇಳಬಹುದು. ಎರಡೂ ಸಿಗದ ಕಡೆ ಸೈಕಲ್ಲುಗಳನ್ನು ಪಕ್ಕದ ಅಡ್ಡರಸ್ತೆಗೆ ಕಳುಹಿಸಿ. ನಡೆಯುವವರ ಪಾಲನ್ನು ಮಾತ್ರ ಕಡಿಮೆ ಮಾಡಬೇಡಿ.

ಇಂಟರ್‌ಲಾಕ್ ಕಲ್ಲು ನೋಡಲು ಚೆಂದ, ಕಿತ್ತು ಮತ್ತೆ ಹಾಕಲು ಸುಲಭ, ಆದರೆ ಎರಡು ಮಳೆಗಾಲ ಕಳೆದ ಮೇಲೆ ಅಲ್ಲಲ್ಲಿ ಕುಸಿದು ಸೈಕಲ್ಲಿನವರ ಮಣಿಕಟ್ಟು ನೋಯಿಸುತ್ತದೆ. ಸೈಕಲ್ ಭಾಗಕ್ಕೆ ಡಾಂಬರು ಅಥವಾ ಪೊರಕೆಯ ಗೆರೆ ಎಳೆದ ಕಾಂಕ್ರೀಟು ಮೇಲು. ಏರಿಯ ಮೇಲೆ ಭಾರದ ಯಂತ್ರ ತರುವುದಾಗಲಿ, ಆಳವಾಗಿ ಅಗೆಯುವುದಾಗಲಿ ಬೇಡ. ಅಲ್ಲಿ ಗಟ್ಟಿಸಿದ ಮೊರಂ ಮಣ್ಣೇ ಸಾಕು. ಚರಂಡಿಯ ಕಬ್ಬಿಣದ ಜಾಲರಿಗಳ ಸರಳು ದಾರಿಗೆ ಅಡ್ಡವಾಗಿರಲಿ, ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿ ಸವಾರ ಮುಗ್ಗರಿಸುತ್ತಾನೆ. ಕಾಲುವೆಯ ಕಡೆಗೆ ಸುಮಾರು 1.4 ಮೀಟರ್ ಎತ್ತರದ ಕಂಬಿ ಬೇಕು. ನೆರಳಿಗೆ ಹೊಂಗೆ, ಬೇವು ಒಳ್ಳೆಯವು. ನೇರಳೆಯನ್ನು ಪಥದಿಂದ ತುಸು ದೂರ ನೆಡಿ, ಏಕೆಂದರೆ ಹಣ್ಣಿನ ಕಾಲದಲ್ಲಿ ಉದುರಿ ಹಿಸುಕಿದ ನೇರಳೆಯ ಮೇಲೆ ಕಾಲೂ ಚಕ್ರವೂ ಜಾರುತ್ತವೆ. ಯಾವ ಮರದ ಬುಡಕ್ಕೂ ಒಂದು ಮೀಟರಿನೊಳಗೆ ಕಾಂಕ್ರೀಟು ತಾಗಬಾರದು.

ಬೈಕುಗಳನ್ನು ತಡೆಯುವುದು ಇಡೀ ಕೆಲಸದಲ್ಲಿ ಅತಿ ಕಷ್ಟದ್ದು. 2020ರಲ್ಲಿ ಹೊರವರ್ತುಲ ರಸ್ತೆಯ ಬದಿಯಲ್ಲಿ ಬೊಲ್ಲಾರ್ಡ್ (ತಡೆಗಂಬ) ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಲಾಯಿತು. ಬೊಲ್ಲಾರ್ಡುಗಳು ಮುರಿದು, ಬೈಕುಗಳು ನುಗ್ಗಿ, ಮೆಟ್ರೊ ಕಾಮಗಾರಿಯೂ ಬಂದು ಅದು ಉಳಿಯಲಿಲ್ಲ. ಗಾಲಿಕುರ್ಚಿ ಸಲೀಸಾಗಿ ಹೋಗಲು ತಡೆಗಂಬಗಳ ನಡುವೆ 1.2 ಮೀಟರ್ ತೆರಪು ಬೇಕು, ಅಷ್ಟರಲ್ಲಿ ಸ್ಕೂಟರೂ ಸಲೀಸಾಗಿ ಹೋಗುತ್ತದೆ. ಸ್ಕೂಟರು ಹೋಗದಷ್ಟು ಇಕ್ಕಟ್ಟಾದ ಗೇಟು ಇಟ್ಟರೆ ಗಾಲಿಕುರ್ಚಿ, ಮಗುವಿನ ಗಾಡಿ, ತರಕಾರಿಯ ತಳ್ಳುಗಾಡಿ ಎಲ್ಲವೂ ಹೊರಗುಳಿಯುತ್ತವೆ. ಇಕ್ಕಟ್ಟಿನ ಗೇಟನ್ನು ನಾನು ಒಪ್ಪುವುದಿಲ್ಲ. ಬೈಕಿನವರು ಏಕೆ ನುಗ್ಗುತ್ತಾರೆಂದು ನೋಡಿ: ಬಹುತೇಕ ಮುಂದಿನ ಯು-ತಿರುವು ದೂರವಿರುತ್ತದೆ, ಇಲ್ಲವೇ ಪಕ್ಕದ ರಸ್ತೆ ಏಕಮುಖವಾಗಿರುತ್ತದೆ. ಆ ತಿರುವನ್ನು ಸಂಚಾರ ಪೊಲೀಸರೊಂದಿಗೆ ಕೂತು ಸರಿಪಡಿಸಿದ ಕಡೆ ನುಗ್ಗುವಿಕೆ ತಾನಾಗಿ ಇಳಿಯುತ್ತದೆ. ಉಳಿದದ್ದಕ್ಕೆ ಕ್ಯಾಮೆರಾ ಮತ್ತು ದಂಡ.

ಒಪ್ಪಿಗೆ, ಮತ್ತು ಅಲ್ಲಿ ಈಗಾಗಲೇ ಇರುವ ಜನ

ಕೆರೆ ಒಂದು ಇಲಾಖೆಯದು, ಕಾಲುವೆ ಇನ್ನೊಂದರದು, ತಂತಿ ವಿದ್ಯುತ್ ಕಂಪನಿಯದು, ಒಳಚರಂಡಿ ಜಲಮಂಡಳಿಯದು, ನಡುವೆ ರೈಲ್ವೆ ಅಥವಾ ಸೇನೆಯ ಜಮೀನು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಿರುವುದರಿಂದ ಉದ್ದನೆಯ ದಾರಿಯೊಂದು ಪಾಲಿಕೆಗಳ ಗಡಿಯನ್ನೂ ದಾಟಬಹುದು. ಎಲ್ಲರಿಗೂ ಒಂದೇ ಅರ್ಜಿ ಬರೆಯಬೇಡಿ. ಪ್ರತಿ ಕಚೇರಿಗೂ ಅದರ ವ್ಯಾಪ್ತಿಯ ಮೀಟರುಗಳನ್ನಷ್ಟೇ ತೋರಿಸುವ ಒಂದು ಪುಟದ ನಕ್ಷೆ ಮಾಡಿ, ಅವರಿಂದ ಬೇಕಾದ ಒಂದೇ ಕೆಲಸವನ್ನು ಅದರ ಕೆಳಗೆ ಬರೆಯಿರಿ. ಕಾಲುವೆಯ ಬದಿಯಲ್ಲಿ ‘ಸೈಕಲ್ ಪಥ’ ಕೇಳುವುದಕ್ಕಿಂತ ನಾಲ್ಕು ಮೀಟರಿನ ‘ನಿರ್ವಹಣಾ ರಸ್ತೆ’ ಕೇಳಿ, ಅದರ ಮೇಲೆ ಸಾರ್ವಜನಿಕರ ಓಡಾಟಕ್ಕೆ ಅನುಮತಿ ಪಡೆಯುವುದು ಸುಲಭ; ಹೂಳೆತ್ತಲು ಅದು ಅವರಿಗೂ ಬೇಕಾದದ್ದೇ. ಆ ಕಾಲುವೆಗೆ ಕೊಳಚೆ ಹರಿಯುತ್ತಿದ್ದರೆ ಮೊದಲು ಅದನ್ನು ತಿರುಗಿಸಬೇಕು, ಮೂಗು ಮುಚ್ಚಿಕೊಂಡು ಯಾರೂ ಐದು ಕಿಲೋಮೀಟರ್ ನಡೆಯುವುದಿಲ್ಲ.

ನೀವು ದಾರಿಯೆಂದು ಗುರುತಿಸಿದ ಜಾಗದಲ್ಲಿ ಯಾರೋ ಆಗಲೇ ಬದುಕು ನಡೆಸುತ್ತಿರುತ್ತಾರೆ. ಎಳನೀರಿನವರು, ಹೂ ಕಟ್ಟುವವರು, ದನಕ್ಕೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಕಾಲುವೆಯ ದಡದ ಸಣ್ಣ ಮನೆಗಳವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯ ಮೂಲಕವೇ ಇಂಥ ವಿಷಯ ತೀರ್ಮಾನವಾಗಬೇಕೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ, ಸಂಜೆ ಏಳರ ನಂತರ ದಾರಿಯ ಮೇಲೆ ಕಣ್ಣಿಟ್ಟಿರುವವರು ಅವರೇ ಎಂಬುದನ್ನು ರಾತ್ರಿ ಆ ದಾರಿಯಲ್ಲಿ ಒಬ್ಬಳೇ ನಡೆದ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಅವರಿಗೆ ಪಥದ ಅಂಚಿನಲ್ಲಿ ಗುರುತಿಸಿದ ಜಾಗ, ನೀರು, ಬೆಳಕು ಕೊಡಿ. ಬಾಡಿಗೆಯ ಪ್ರಶ್ನೆ ಇನ್ನೂ ದೊಡ್ಡದು. ಅಟ್ಲಾಂಟಾದಲ್ಲಿ ದಾರಿ ಬಂದಂತೆ ಅಕ್ಕಪಕ್ಕದ ಮನೆಗಳ ಬೆಲೆ ಏರಿ ಹಳೆಯ ನಿವಾಸಿಗಳು ಜಾಗ ಬಿಡಬೇಕಾಯಿತು. ದಾರಿಯ ಕನಸು ಕಂಡ ಗ್ರಾವೆಲ್ ಅವರೇ 2016ರಲ್ಲಿ ಇದೇ ಕಾರಣವನ್ನು ಮುಂದಿಟ್ಟು ಯೋಜನೆಯ ಸಹಸಂಸ್ಥೆಯ ಮಂಡಳಿಯಿಂದ ಹೊರಬಂದರು. ಪಥದ ಪಕ್ಕದ ಬಡ ಕುಟುಂಬಗಳ ಹಕ್ಕುಪತ್ರದ ಕೆಲಸ ಪಥದ ಕಾಮಗಾರಿಗಿಂತ ಮೊದಲು ಮುಗಿಯಬೇಕು.

ಎಣಿಕೆ ಮತ್ತು ಪಾಲನೆ

ಕಾಮಗಾರಿಗೆ ಮುಂಚೆ ಮೂರು ಜಾಗಗಳಲ್ಲಿ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ಹೋಗಿಬರುವವರನ್ನು ಎಣಿಸಿ. ಹೆಂಗಸರು, ಮಕ್ಕಳು, ಹಿರಿಯರು, ಸೈಕಲ್ಲಿನವರು ಎಂದು ಬೇರೆ ಬೇರೆ ಗೆರೆ ಎಳೆಯಿರಿ. ಮುಗಿದ ಮೇಲೆ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ಎಣಿಸಿ. ಹೆಂಗಸರ ಸಂಖ್ಯೆ ಏರದಿದ್ದರೆ ದೀಪದಲ್ಲೋ ಮರೆಯಾದ ಮೂಲೆಗಳಲ್ಲೋ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

ಪಾಲನೆಗೆ ನೆರೆಹೊರೆಯವರು ಬೇಕು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡ ಸುತ್ತಲಿನ ನಿವಾಸಿಗಳೇ ನೋಡಿಕೊಳ್ಳುತ್ತ ಬಂದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಹಿಂದೆಯೂ ಅಂಥದೇ ಜನರಿದ್ದಾರೆ. ಉದ್ದನೆಯ ದಾರಿಯಲ್ಲಿ ಕೆರೆಗಳಿಗೆ ಇಂಥವರು ಸಿಗುತ್ತಾರೆ, ಕೊಂಡಿಗಳಿಗೆ ಸಿಗುವುದಿಲ್ಲ. ಮೋರಿಯ ಕೆಳಗಿನ ನಲವತ್ತು ಮೀಟರ್ ಯಾರದೂ ಅಲ್ಲ. ಆದ್ದರಿಂದ ಪ್ರತಿ ಕೊಂಡಿಯನ್ನೂ ಅದರ ಎರಡೂ ಬದಿಯ ಕೆರೆ ಗುಂಪುಗಳಿಗೆ ಬರಹದಲ್ಲಿ ಜಂಟಿಯಾಗಿ ವಹಿಸಿ, ಗುಡಿಸುವವರ ಸಂಬಳ, ದೀಪದ ಬಿಲ್ಲು, ವರ್ಷಕ್ಕೊಮ್ಮೆ ಬಣ್ಣ ಇವನ್ನು ಪಾಲಿಕೆಯ ಬಜೆಟ್ಟಿನಲ್ಲಿ ಆ ಕೊಂಡಿಯ ಹೆಸರಿನಲ್ಲೇ ಸೇರಿಸಿ.

ಮುಂಗಾರಿಗೆ ಮುಂಚೆ ಮೇ ತಿಂಗಳಿನಲ್ಲಿ ಒಂದು ದಿನ ಗೊತ್ತುಮಾಡಿ, ಇಡೀ ದಾರಿಯನ್ನು ಮತ್ತೆ ಟೇಪು ಹಿಡಿದು ನಡೆಯಿರಿ. ಮೊದಲ ವರ್ಷ ಫೋಟೊ ತೆಗೆದ ಅದೇ ಜಾಗಗಳಲ್ಲಿ ನಿಂತು ಅಳತೆ ಬರೆಯಿರಿ. ಟ್ರಾನ್ಸ್‌ಫಾರ್ಮರಿನ ಪಕ್ಕದ 68 ಸೆಂಟಿಮೀಟರ್ 180 ಆಗುವವರೆಗೂ ಆ ಜಾಗ ಪಟ್ಟಿಯ ಮೊದಲ ಸಾಲಿನಲ್ಲಿಯೇ ಇರಲಿ.